ಕಿವಿಗೆ ಎಟುಕಿದ ಕೈ

“ಶಿಶುವಿಹಾರದ ಬಾಗಿಲು ಮೊದಲ ದಿನದಿಂದಲೇ ಎಲ್ಲರಿಗೂ ತೆರೆದಿತ್ತು. ಯಾವ ಊರಿನವರು, ಯಾವ ಕಡೆಯ ಮಾತಿನವರು ಎಂದು ಯಾರೂ ಕೇಳಲಿಲ್ಲ. ಮಕ್ಕಳು ನಗುನಗುತ್ತಲೇ ಹೊಸ್ತಿಲು ದಾಟಿ ಒಳಗೆ ಬಂದರು.”

ಯಶವಂತಪುರದ ನಮ್ಮ ಬೀದಿಯ ಶಿಶುವಿಹಾರಕ್ಕೆ ಮೂವತ್ತು ವರ್ಷ ತುಂಬಿದ ನೆನಪಿಗೆ ಒಂದು ಪುಸ್ತಿಕೆ ಅಚ್ಚಾಗಿದೆ. ಮೇಲಿನ ಮೂರು ವಾಕ್ಯಗಳು ಅದರ ಎರಡನೆಯ ಪುಟದಲ್ಲಿವೆ. ಬರೆದವರು ತಿಳಿದವರು, ಸಜ್ಜನರು. ಆದರೆ ಆ ಬೆಳಿಗ್ಗೆ ಅವರು ಅಲ್ಲಿರಲಿಲ್ಲ. ನಾನಿದ್ದೆ. ಸಾಲಿನಲ್ಲಿ ಮೊದಲನೆಯವನಾಗಿ ನಿಂತಿದ್ದೆ. ಬಾಗಿಲು ನಮಗೆ ತೆರೆಯಲಿಲ್ಲ. ಯಾವ ಊರು ಎಂದು ಕೇಳಿದರು. ನನ್ನ ಮಗಳು ನಗುತ್ತಾ ಒಳಗೆ ಹೋಗಲಿಲ್ಲ.

ಹೊಳೆಸಾಲಿನ ನಮ್ಮ ಊರು ಹೊಳೆಸಂಗಾಪುರದಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಕಥೆ ಚಾಲ್ತಿಯಲ್ಲಿದೆ. ನನ್ನ ಹೆಂಡತಿಯ ತಮ್ಮ ಭೀಮಪ್ಪ ಅದನ್ನು ಇಷ್ಟು ವರ್ಷ ಕಟ್ಟೆಯ ಮೇಲೆ ಕುಳಿತು ಹೇಳುತ್ತ ಬಂದಿದ್ದಾನೆ: “ಬೆಂಗಳೂರ ಮಂದಿ ನಮ್ಮ ಕೂಸಿನ್ನ ಹೊಸ್ತಿಲದಾಗ ತಡದ್ರು. ನಾ ಗದರಿಸಿದ ಮ್ಯಾಲ ಬಾಯಿ ಮುಚ್ಚಿಕೊಂಡು ಒಳಗ ತಗೊಂಡ್ರು.” ಇದೂ ನಡೆದದ್ದಲ್ಲ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು, ಮಗ್ಗ ಮಾಡುವ ಬಡಗಿ. ಓದು ಬಂದದ್ದು ಆಮೇಲೆ, ಸಿಕ್ಕ ಪುಸ್ತಕ ಸಿಕ್ಕ ಹಾಗೆ. ಇನ್ನೊಬ್ಬರು ಗೆರೆ ಹಾಕಿಕೊಟ್ಟ ಹಲಗೆಯನ್ನು ನಾನೇ ಅಳೆಯದೆ ಕೊಯ್ಯುವ ಅಭ್ಯಾಸ ನನಗಿಲ್ಲ. ಆದ್ದರಿಂದ ನಡೆದದ್ದನ್ನು ನಮ್ಮ ಕಡೆಯ ಓದುಗರಿಗೂ ಇಲ್ಲಿಯವರಿಗೂ ಒಟ್ಟಿಗೆ ತಿಳಿಸುತ್ತಿದ್ದೇನೆ. ಇದರಲ್ಲಿ ಹೆಚ್ಚಿನ ತಪ್ಪು ನನ್ನದೇ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾವು ಬಂದಾಗ ನಮ್ಮೂರು ಮುಂಬಯಿ ರಾಜ್ಯದಲ್ಲಿತ್ತು, ಬೆಂಗಳೂರು ಮೈಸೂರು ರಾಜ್ಯದಲ್ಲಿ. ಎರಡೂ ಕಡೆ ಕನ್ನಡವೇ. ಆದರೂ ಬಂದಿಳಿದ ದಿನ ಪರದೇಶಕ್ಕೆ ಬಂದೆವೆಂದೇ ಅನ್ನಿಸಿತು. ಅಲ್ಲಿ ಬೆಳಗಾಗುವುದು ಹೊಳೆಯ ಕಡೆಯಿಂದ ಬರುವ ಎಮ್ಮೆಗಳ ಗಂಟೆಯಿಂದ. ಇಲ್ಲಿ ಕಾರ್ಖಾನೆಯ ಸೈರನ್ ಕೂಗಿದಾಗ. ಅಲ್ಲಿ ನೀರಿಗೆ ಹೊಳೆ, ಇಲ್ಲಿ ನಲ್ಲಿ. ನಮ್ಮವರು ನಳ ಎನ್ನುವುದನ್ನು ಇಲ್ಲಿ ನಲ್ಲಿ ಎನ್ನುತ್ತಾರೆ. ಅದರ ಮುಂದೆ ಕೊಡಗಳ ಸಾಲಿರುತ್ತದೆ, ಸಾಲಿನಲ್ಲಿ ಹಿಂದೆ ಮುಂದೆ ಆದರೆ ಜಗಳವಿರುತ್ತದೆ. ನಾವಿದ್ದದ್ದು ವಠಾರದಲ್ಲಿ. ವಠಾರವೆಂದರೆ ಒಂದೇ ಅಂಗಳಕ್ಕೆ ಮುಖ ಮಾಡಿದ ಒಂದೊಂದು ಕೋಣೆಯ ಮನೆಗಳ ಸಾಲು. ಒಬ್ಬರ ಮನೆಯ ಒಗ್ಗರಣೆ ಎಲ್ಲರಿಗೂ ಕೆಮ್ಮು ತರಿಸುತ್ತಿತ್ತು. ನನ್ನ ಹೆಂಡತಿ ನೀಲವ್ವ ರೊಟ್ಟಿ ಬಡಿಯುವ ಸದ್ದಿಗೆ ಮೊದಲ ದಿನ ನಾಲ್ಕು ಮನೆಯವರು ಹೊರಗೆ ಬಂದು, “ಏನ್ ರೀ ಅದು, ಗೋಡೆಗೆ ಮೊಳೆ ಹೊಡೀತಿದೀರಾ?” ಎಂದು ಕೇಳಿದ್ದರು.

ನಮ್ಮ ಮಗಳು ಗಂಗವ್ವನಿಗೆ ಆಗ ನಾಲ್ಕು ತುಂಬಿ ಐದು ನಡೆಯುತ್ತಿತ್ತು. ಗಂಗೂ ಎಂದು ಕರೆಯುತ್ತಿದ್ದೆವು. ಊರಿನಲ್ಲಿ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಇಲ್ಲಿಗೆ ಬಂದ ಮೂರನೆಯ ದಿನ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳನ್ನು “ನೀರ ಕುಡೀಲಾಕ ಚರಿಗಿ ಕೊಡ್ರಿ” ಎಂದು ಕೇಳಿದಳು. ಮಕ್ಕಳು ಬಿದ್ದು ಬಿದ್ದು ನಕ್ಕು, ಅವಳಂತೆಯೇ ರಾಗವೆಳೆದು ಅಂಗಳವನ್ನೆಲ್ಲ ಸುತ್ತಿದರು. ಅವರಿಗೆ ಅದು ಆಟ. ನನ್ನ ಮಗಳು ಅಂದಿನಿಂದ ಮಾತು ನಿಲ್ಲಿಸಿದಳು. ಬೇಕಾದುದನ್ನು ಬೆರಳಿನಿಂದ ತೋರಿಸುವಳು; ನಮ್ಮೊಂದಿಗೂ ಅಷ್ಟೆ.

ನನಗೆ ಮರದ ಕಾರ್ಖಾನೆಯೊಂದರಲ್ಲಿ ಹಂಗಾಮಿ ಕೆಲಸ. ನೀಲವ್ವನಿಗೆ ಹತ್ತಿರದ ನೂಲಿನ ಷೆಡ್ಡಿನಲ್ಲಿ ಕಂಡಿಕೆ ಸುತ್ತುವ, ಅಂದರೆ ಮಗ್ಗದ ಲಾಳಿಗೆ ನೂಲು ಸುತ್ತಿಕೊಡುವ, ಕೆಲಸ ಸಿಕ್ಕಿತು. ಅದು ಅವಳಿಗೆ ಹುಟ್ಟಿನಿಂದ ಬಂದ ಕೈಗೆಲಸ. ಇಬ್ಬರೂ ದುಡಿಯದೆ ಇಲ್ಲಿ ಒಲೆ ಹೊತ್ತುವಂತಿರಲಿಲ್ಲ. ಮಗುವನ್ನು ಪಕ್ಕದ ಮನೆಯ ಮುದುಕಿಯ ಕಣ್ಣಳತೆಯಲ್ಲಿ ಬಿಟ್ಟು ಹೋಗುತ್ತಿದ್ದೆವು. ಊರಿನಲ್ಲಾಗಿದ್ದರೆ ಹೀಗೆ ‘ಬಿಟ್ಟು ಹೋಗುವುದು’ ಎಂಬ ಮಾತಿಗೇ ಅರ್ಥವಿರಲಿಲ್ಲ. ಅಲ್ಲಿ ಮಗು ಓಣಿಗೆ ಸೇರಿದ್ದು. ಯಾರ ಮನೆಯಲ್ಲಿ ಹಸಿವಾಯಿತೋ ಅಲ್ಲಿ ಉಂಡು, ಎಲ್ಲಿ ನಿದ್ದೆ ಬಂತೋ ಅಲ್ಲಿ ಮಲಗುತ್ತಿತ್ತು.

ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ವಠಾರದ ಬಾಗಿಲಿನಲ್ಲಿ ಖಾಕಿ ತೊಟ್ಟ ಅಪರಿಚಿತನೊಬ್ಬ ಗಂಗೂವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದ. ರೈಲ್ವೆ ಗೇಟಿನವನು.

“ಯಾರ್ದ್ ರೀ ಈ ಮಗು? ಕಂಬಿ ಮೇಲೆ ಸಾಲಾಗಿ ಕಲ್ಲಿಡ್ತಾ ಕೂತಿದ್ಲು. ಗಾಡಿ ಸಿಳ್ಳೆ ಹೊಡೆದ್ರೂ ಏಳ್ಲಿಲ್ಲ. ನಿನ್ ಮನೆ ಎಲ್ಲಮ್ಮ ಅಂದ್ರೆ ಕಂಬಿ ಹೋಗೋ ಕಡೆ ಕೈ ತೋರಿಸ್ತಾಳೆ!”

ಕಂಬಿ ಹೋಗುವ ಕಡೆ ತುಮಕೂರು, ಅರಸೀಕೆರೆ, ಹುಬ್ಬಳ್ಳಿ. ಅದರ ಆಚೆ ನಮ್ಮ ಹೊಳೆ. ಮಗು ತಪ್ಪೇನೂ ಹೇಳಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವನಿಗೆ ನೀರು ಕೊಡುವುದಕ್ಕೂ ತೋಚಲಿಲ್ಲ.

ಮರುದಿನದಿಂದ ನೀಲವ್ವ ಮಗುವನ್ನು ಷೆಡ್ಡಿಗೆ ಕರೆದೊಯ್ದಳು. ಮಗು ಸುತ್ತುವ ರಾಟೆಗೆ ಕೈ ಹಾಕಿತು. ಮೇಸ್ತ್ರಿ ಬೈದ, ಒಂದು ತಿಂಗಳ ಮಟ್ಟಿಗೆ ಕಂಡೂ ಕಾಣದಂತೆ ಇರುತ್ತೇನೆ, ಆಮೇಲೆ ಮಗು ತಂದರೆ ನೀನೂ ಬರಬೇಡ ಎಂದ. ಆ ಹೊತ್ತಿಗೆ ನೀಲವ್ವ ಊರಿಗೆ ಕಾಗದ ಬರೆಸಿದ್ದಳು. ನನ್ನ ಕೈಯಿಂದಲೇ ಬರೆಸಿದ್ದಳು. ಕಂಬಿಯ ಸಂಗತಿ ಬರೆಸಬೇಡ ಎಂದರೂ ಕೇಳಲಿಲ್ಲ. ಅವಳ ತಾಯಿಯಿಂದ ಉತ್ತರ ಬಂತು: ಭೀಮಪ್ಪನನ್ನು ಕಳಿಸುತ್ತೇನೆ, ಕೂಸನ್ನು ಅವನ ಕೂಡ ಕಳಿಸಿರಿ, ನೀವು ಬೇಕಾದರೆ ಆ ಊರನ್ನು ಕಟ್ಟಿಕೊಂಡು ಇರಿ.

ಇದೇ ದಿನಗಳಲ್ಲಿ ಮುನಿಯಮ್ಮ ನಮ್ಮ ವಠಾರಕ್ಕೆ ಬಂದರು. ಚಿಕ್ಕಬಾಣಾವರದ ಕಡೆಯ ರೈತರ ಮನೆಯ ಹೆಣ್ಣುಮಗಳು, ಗಂಡ ಸತ್ತ ಮೇಲೆ ಅಣ್ಣನ ಮನೆಯಲ್ಲಿದ್ದವರು. ಕಂಕುಳಲ್ಲಿ ಒಂದು ಬುಟ್ಟಿ. ಮನೆಮನೆಗೆ ಹೋಗಿ ಒಂದೊಂದು ಹಿಡಿ ರಾಗಿಯನ್ನೋ ಅಕ್ಕಿಯನ್ನೋ ಎತ್ತುತ್ತಿದ್ದರು. ನೀಲವ್ವ ಭಿಕ್ಷೆಯವಳೆಂದು ತಿಳಿದು ರೊಟ್ಟಿ ತಂದಳು.

“ರೊಟ್ಟಿ ಬ್ಯಾಡ ಕಣವ್ವ, ಕಾಳು ಕೊಡು. ಭಜನೆ ಮನೇಲಿ ಸಣ್ಣ ಮಕ್ಕಳ ಇಸ್ಕೂಲು ಮಾಡ್ತಾ ಅವ್ರೆ ಇಲ್ಲಿ ಎಂಗಸ್ರು. ಬೆಳಿಗ್ಗೆ ಆಲು, ಮದ್ಯಾನ ಗಂಜಿ. ಮುಂದಿನ ತಿಂಗಳ ಮೊದಲ ಸೋಮವಾರ ಸೇರಿಸ್ಕತಾರೆ. ಆವತ್ತು ತಪ್ಪುದ್ರೆ ದಸರಾ ಕಳೀಬೇಕು.”

ಅವರ ಮಾತಿನಲ್ಲಿ ಹಕಾರ ಅಷ್ಟಾಗಿ ಇರುತ್ತಿರಲಿಲ್ಲ. ಹಾಲು ‘ಆಲು’, ಹೆಂಗಸರು ‘ಎಂಗಸ್ರು’, ಹೇಳು ‘ಏಳು’, ಹತ್ತು ‘ಅತ್ತು’. ಅವರ ಮಾತು ಕೇಳಿದಾಗ ಗಂಗೂ ಮೊದಲ ಬಾರಿಗೆ ತಲೆ ಎತ್ತಿ ನೋಡಿದಳು. ಈ ಊರಿನಲ್ಲಿ ಬೇರೆಯಾಗಿ ಮಾತಾಡುವವರು ನಾವಷ್ಟೇ ಅಲ್ಲ ಎಂದು ಅವಳಿಗೆ ಹೊಳೆದಿರಬೇಕು. ಇದು ನನ್ನ ಊಹೆ. ಊಹೆಯನ್ನು ಊಹೆಯೆಂದೇ ಬರೆಯುತ್ತೇನೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಮ್ಮೂರಿನಲ್ಲಿ ಶಾಲೆಗೆ ಸೇರಲು ಕಾಗದ ಪತ್ರ ಕೇಳುತ್ತಿರಲಿಲ್ಲ. ಮಾಸ್ತರರು ಮಗುವನ್ನು ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎನ್ನುತ್ತಿದ್ದರು. ಎಟುಕಿದರೆ ವಯಸ್ಸಾಗಿದೆ, ಸೇರಿಸು. ಎಟುಕದಿದ್ದರೆ ಮುಂದಿನ ವರ್ಷ ಬಾ. ನಾನೂ ಹಾಗೆಯೇ ಸೇರಿದವನು. ಶಾಲೆಯೆಂಬುದಕ್ಕೆಲ್ಲ ಇದೇ ಬಾಗಿಲು ಎಂದು ನನ್ನ ನಂಬಿಕೆ. ಯಾವುದನ್ನೂ ಅಳೆಯದೆ ಒಪ್ಪದ ನಾನು ಈ ಒಂದನ್ನು ಅಳೆಯಲೇ ಇಲ್ಲ. ನಾಲ್ಕು ವರ್ಷದ ಮಗುವಿನ ಕೈ ಕಿವಿಗೆ ಎಟುಕದು; ಎಟುಕಿಸಬೇಕು ಎಂದು ಹಟ ಹಿಡಿದೆ.

ದಿನಾ ಸಂಜೆ ಕೆಲಸದಿಂದ ಬಂದವನೇ ಅಂಗಳದಲ್ಲಿ ಕುಳಿತು ಬೆಲ್ಲದ ಚೂರು ಹಿಡಿಯುತ್ತಿದ್ದೆ. “ಗಂಗೂ, ಕಿವಿ ಮುಟ್ಟು.” ಮೊದಲ ವಾರ ಬೆರಳು ಹಣೆಯ ಬದಿಗೆ ಬಂತು. ಎರಡನೆಯ ವಾರ ಕೂದಲಂಚಿಗೆ. ಭುಜ ಮೇಲಕ್ಕೆತ್ತಿ ಕತ್ತನ್ನು ಸ್ವಲ್ಪ ಓರೆ ಮಾಡಿದರೆ ಎರಡು ಬೆರಳಿನಷ್ಟು ಗಿಟ್ಟುತ್ತದೆ ಎಂಬುದನ್ನು ಬಡಗಿಯ ಕಣ್ಣು ಕಂಡುಹಿಡಿಯಿತು, ಅದನ್ನೂ ಕಲಿಸಿದೆ. ಮೂರನೆಯ ವಾರ ಬೆರಳ ತುದಿ ಕಿವಿಯ ಮೇಲ್ತುದಿಗೆ ತಾಗಿದಾಗ ಮಗುವಿನ ಮುಖದಲ್ಲಿ ಈ ಊರಿಗೆ ಬಂದ ಮೇಲೆ ಮೊದಲ ನಗು ಕಂಡೆ. ನಾಲ್ಕನೆಯ ವಾರಕ್ಕೆ ಕಿವಿಯನ್ನು ಹಿಡಿದು ಎಳೆಯುವಷ್ಟು ಪಳಗಿದ್ದಳು. ನೀಲವ್ವ ಮಾತ್ರ ಒಲೆಯ ಮುಂದಿನಿಂದ ಒಮ್ಮೆ ಹೇಳಿದಳು, “ಅಲ್ಲಿ ಏನ ಕೇಳ್ತಾರಂತ ಮುನಿಯಮ್ಮನ್ನ ಒಂದ ಮಾತ ಕೇಳಬಾರದಾ?” ನಾನು ನಕ್ಕುಬಿಟ್ಟೆ.

ಭೀಮಪ್ಪ ಶನಿವಾರ ಬಂದಿಳಿದ. ಇಪ್ಪತ್ತರ ಆಸುಪಾಸಿನ ಪ್ರಾಯ, ಹೊಲದಲ್ಲಿ ಬಿತ್ತನೆಯ ಅವಸರ ಬಿಟ್ಟು ಬಂದವನು. ಕೋಣೆ ನೋಡಿದ, ನಲ್ಲಿಯ ಸಾಲು ನೋಡಿದ, ಕೊನೆಗೆ ಹೋಗಿ ಕಂಬಿ ನೋಡಿ ಬಂದ.

“ಮಾವಾ, ಕೂಸಿನ್ನ ಈ ಗಾಡಿ ಬಾಯಾಗ ಇಟ್ಟು ಹೆಂಗ ನಿದ್ದಿ ಮಾಡ್ತೀರಿ? ಇಲ್ಲಿ ಮಂದಿ ಅದಾರ, ಮನಶ್ಯಾರಿಲ್ಲ. ಸೋಮವಾರ ಸಂಜಿ ಹುಬ್ಬಳ್ಳಿ ಗಾಡಿಗೆ ನಾ ಕರ್ಕೊಂಡು ಹೊಂಟೆ.”

“ಸೋಮವಾರ ಮುಂಜಾನೆ ಶಾಲಿಗೆ ಸೇರ್ತಾಳ. ಸೇರಿದ್ರ ಇಲ್ಲೇ ಇರ್ತಾಳ,” ಎಂದಳು ನೀಲವ್ವ.

“ಸೇರದಿದ್ರ?”

ಅವಳು ನನ್ನ ಮುಖ ನೋಡಿದಳು. “ಸೇರದಿದ್ರ ಕರ್ಕೊಂಡು ಹೋಗು,” ಎಂದೆ. ನನ್ನ ಬೆಲ್ಲದ ಮೇಲೆ ನನಗೆ ಅಷ್ಟು ಭರವಸೆ.

ಒಮ್ಮೆ ಹೋದ ಮಗು ಮತ್ತೆ ಯಾವಾಗ ಬರುತ್ತಿತ್ತು? ಹಂಗಾಮಿ ಕೆಲಸದವನಿಗೆ ವರ್ಷಕ್ಕೊಮ್ಮೆ ಊರಿಗೆ ಹೋಗಲು ರಜೆ ಸಿಕ್ಕರೆ ಅದೇ ಹೆಚ್ಚು. ಇದೆಲ್ಲ ಗೊತ್ತಿದ್ದೇ ಹೇಳಿದ ಮಾತು ಅದು.

ಸೋಮವಾರ ಬೆಳಕು ಹರಿಯುವ ಮೊದಲೇ ಭಜನೆ ಮನೆಯ ಮುಂದೆ ನಿಂತೆವು. ಹೆಂಚಿನ ಮಾಡು, ಎದುರಿಗೆ ಒಂದು ಹೊಂಗೆಯ ಮರ. ಭೀಮಪ್ಪ ಗಂಗೂವಿನ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿಕೊಂಡೇ ಬಂದು ಮರದ ಕೆಳಗೆ ಕುಳಿತಿದ್ದ. ನಮ್ಮ ಹಿಂದೆ ಸಾಲು ಬೆಳೆಯಿತು. ಮಕ್ಕಳ ಕೈಯಲ್ಲೆಲ್ಲ ಒಂದೊಂದು ಲೋಟ. ಹಾಲು ಕುಡಿಯಲು ಮನೆಯಿಂದಲೇ ಲೋಟ ತರಬೇಕೆಂಬ ನಿಯಮ. ಗಂಗೂ ಊರಿನಿಂದ ತಂದ ಸಣ್ಣ ಹಿತ್ತಾಳೆ ಚರಿಗೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು.

ಟೀಚರ್ ಜಯಲಕ್ಷ್ಮಮ್ಮ ಮೇಜಿನ ಮುಂದೆ ಹೊಸ ರಿಜಿಸ್ಟರು ಬಿಚ್ಚಿ ಕುಳಿತರು. ಇನ್ನೂ ಎಳೆಯ ಹೆಣ್ಣುಮಗಳು. ಬಿಗಿಯಾಗಿ ಹೆಣೆದ ಜಡೆ, ಅಷ್ಟೇ ಬಿಗಿಯಾದ ಮುಖ.

“ಮಗುವಿಗೆ ಎಷ್ಟು ವರ್ಷ?”

“ನಾಕು ಮುಗಿದು ಐದರಾಗ ಐತ್ರಿ.”

“ಬರ್ತ್ ಸರ್ಟಿಫಿಕೇಟ್ ಇದೆಯಾ?”

“ಇಲ್ರಿ. ಹೊಳಿ ಬಂದು ಗುಡಿ ಮೆಟ್ಟಲ ಮುಟ್ಟಿದ ವರ್ಷ ಹುಟ್ಟ್ಯಾಳ್ರಿ.”

“ಯಾವ ಹೊಳೆ ಸ್ವಾಮಿ? ಇಲ್ಲಿ ಹೊಳೆಯೇ ಇಲ್ವಲ್ಲ. ಯಾವ ಊರಿನವರು ನೀವು?”

ಕೇಳಿದರು ಎಂದೆನಲ್ಲ, ಕೇಳಿದ್ದು ಹೀಗೆ. ಅದರಲ್ಲಿ ಕುಹಕವಿರಲಿಲ್ಲ, ಸುಸ್ತಿತ್ತು. ಅವರು ಮಗುವಿನ ಕಡೆ ತಿರುಗಿ, “ನಿನ್ನ ಹೆಸರೇನು ಪುಟ್ಟಿ?” ಎಂದರು. ಗಂಗೂ ತುಟಿ ಬಿಗಿದಳು. ಎರಡು ಸಲ ಕೇಳಿದರು. ಹಿಂದಿನ ಸಾಲಿನಲ್ಲಿ ಪಿಸುಮಾತು ಶುರುವಾಯಿತು. ಮಗು ಪೆದ್ದು ಎಂದು ಬಿಟ್ಟಾರು ಎಂಬ ಹೆದರಿಕೆಗೆ ನಾನು ನನ್ನ ಕಿವಿಯನ್ನು ತಟ್ಟಿ ಸನ್ನೆ ಮಾಡಿದೆ.

ಗಂಗೂ ಚರಿಗೆಯನ್ನು ಕೆಳಗಿಟ್ಟಳು. ಭುಜ ಎತ್ತಿ, ಕತ್ತು ಓರೆ ಮಾಡಿ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಹಿಡಿದು ಎಳೆದಳು. ನಾನು ಹೆಮ್ಮೆಯಿಂದ ಟೀಚರ ಮುಖ ನೋಡಿದೆ. ಅವರು ಪೆನ್ನು ಕೆಳಗಿಟ್ಟರು.

“ಆರು ತುಂಬಿರೋ ಮಗು ಇದು. ಇದನ್ನ ದೊಡ್ಡ ಸ್ಕೂಲಿಗೆ ಸೇರಿಸ್ಬೇಕು, ಇಲ್ಲಿಗಲ್ಲ. ಕೈ ಎಟುಕದೇ ಇರೋ ಮಕ್ಕಳಿಗೇ ಸ್ವಾಮಿ ಶಿಶುವಿಹಾರ ಇರೋದು.”

ಹಿಂದಿನವರು ನಕ್ಕರು. “ಆ ಕಡೆಯವರು ಜೋಳ ತಿಂದು ಬೆಳೆದೋರು, ಟೀಚರ್. ಕೈ ಉದ್ದಾನೇ ಇರುತ್ತೆ ಬಿಡಿ!” ಎಂದ ಒಬ್ಬ. ನಗು ಇನ್ನಷ್ಟು ಹೆಚ್ಚಿತು.

“ನಾನೇ ಕಲಿಸೇನ್ರಿ, ಬಾಯಾರ,” ಎಂದೆ, ಟೀಚರನ್ನು ನಮ್ಮ ಕಡೆ ಕರೆಯುವ ಹಾಗೆ. “ತಿಂಗಳಿಡೀ ಕೂತು ಕಲಿಸೇನ್ರಿ.”

“ವಯಸ್ಸನ್ನ ಕಲಿಸೋಕಾಗುತ್ತಾ?” ಎಂದರು. ನಂತರ ದನಿ ತಗ್ಗಿಸಿ, “ತಪ್ಪು ತಿಳ್ಕೋಬೇಡಿ. ಹಾಲಿನ ಪುಡಿ ಕೊಡೋರು ಬಂದು ಒಂದೊಂದು ಮಗೂನೂ ನಿಲ್ಲಿಸಿ ನೋಡ್ತಾರೆ. ದೊಡ್ಡ ಮಕ್ಕಳನ್ನ ಸೇರಿಸಿದೀರಿ ಅಂದ್ರೆ ಎಲ್ಲರ ಹಾಲೂ ನಿಂತುಹೋಗುತ್ತೆ. ದಯವಿಟ್ಟು ಪಕ್ಕಕ್ಕೆ ಬನ್ನಿ,” ಎಂದರು.

ಪಕ್ಕಕ್ಕೆ ಬಂದೆವು. ಗಂಗೂವಿನ ಕೈ ಇನ್ನೂ ಕಿವಿಯ ಮೇಲೆಯೇ ಇತ್ತು. “ಕೈ ತಗಿಯವ್ವ, ತಗಿ,” ಎಂದು ನೀಲವ್ವ ಬೇಡಿಕೊಂಡಳು. ಅವಳು ತೆಗೆಯಲಿಲ್ಲ, ನನ್ನ ಕಿಸೆಯ ಕಡೆ ನೋಡುತ್ತಿದ್ದಳು. ಬೆಲ್ಲ ಬಾಕಿ ಇತ್ತಲ್ಲ.

ಒಂದೊಂದೇ ಮಗು ಕೈ ಎತ್ತಿತು, ಹಣೆಯವರೆಗೆ ಬಂದು ಸೋತಿತು, ಒಳಗೆ ಹೋಯಿತು. ನಾನು ಬದುಕಿನಲ್ಲಿ ಅಷ್ಟು ಸೋತ ಕೈಗಳನ್ನು ಅಸೂಯೆಯಿಂದ ನೋಡಿದ್ದು ಅದೊಂದೇ ದಿನ. ಭೀಮಪ್ಪ ಎದ್ದು ಬಂದ. “ಆತಲ್ಲ ಮಾವಾ. ಏಳ್ರಿ. ಮನಿಗಿ ಹೋಗಿ ಎರಡ ತುತ್ತು ಉಂಡು ಗಾಡಿ ಹಾದಿ ನೋಡೂಣು.”

ಆಗ ಮುನಿಯಮ್ಮ ಹಾಲಿನ ಪುಡಿ ಕಲಸುತ್ತಿದ್ದ ಸೌಟನ್ನು ಹಿಡಿದೇ ಹೊರಗೆ ಬಂದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಟೀಚರವ್ವಾ, ಎತ್ತು ಕೊಳ್ಳೋವಾಗ ಕಾಲುದ್ದ ನೋಡಿ ವಯಸ್ಸು ಏಳ್ತಾರಾ? ಬಾಯಿ ಬುಡಿಸಿ ಅಲ್ಲು ನೋಡ್ತಾರೆ. ಕೈಗೆ ಕಲಿಸ್ಬೋದು, ಅಲ್ಲಿಗೆ ಕಲಿಸಾಕಾಯ್ತದಾ?”

“ನನ್ನ ಮಗಳು ಎತ್ತೇನ್ರಿ?” ಎಂದು ನೀಲವ್ವ ಸಿಡಿದಳು.

“ಎತ್ತಾಗಿದ್ರೆ ಇಷ್ಟೊತ್ಗೆ ಬಾಯಿ ಬುಡ್ತಿತ್ತು ಕಣವ್ವ. ಬೈಬ್ಯಾಡ, ಕೇಳು. ಆರು ತುಂಬಿದ್ ಮಗೀಗೆ ಇಂದೆ ದವಡೆ ಅಲ್ಲು ಬಂದಿರ್ತದೆ, ಮುಂದಿಂದು ಅಲ್ಲಾಡ್ತಿರ್ತದೆ. ಐದರ ಒಳಗಿದ್ರೆ ಮ್ಯಾಲೆ ಅತ್ತು, ಕೆಳಗೆ ಅತ್ತು, ಅಷ್ಟೇ.”

ಟೀಚರ್ ಯೋಚಿಸಿದರು. “ತೋರಿಸಿ, ನೋಡೋಣ. ಹಾಲು ಹಂಚಿ ಆಗೋವರೆಗೆ ರಿಜಿಸ್ಟರು ಮುಚ್ಚಲ್ಲ,” ಎಂದರು.

ತೋರಿಸುವುದು ಹೇಗೆ? ಬಾಯಿ ತೆರೆಯುವುದೊಂದನ್ನು ಬಿಟ್ಟು ಬೇರೇನನ್ನು ಕೇಳಿದ್ದರೂ ಆ ಮಗು ಮಾಡುತ್ತಿತ್ತು. ನೀಲವ್ವ ಗದ್ದ ಹಿಡಿದು ಮುದ್ದಿಸಿದಳು. ತುಟಿ ಇನ್ನಷ್ಟು ಬಿಗಿಯಾಯಿತು. ನಾನು ಬೆಲ್ಲ ಹಿಡಿದೆ. ಅಕ್ಕಿಕಾಳಿನಷ್ಟು ಸಂದು ಮಾಡಿ ಅದನ್ನು ಒಳಗೆಳೆದುಕೊಂಡು ಮತ್ತೆ ಮುಚ್ಚಿಬಿಟ್ಟಳು. ಒಳಗೆ ಲೋಟಗಳ ಸದ್ದು ಕೇಳುತ್ತಿತ್ತು. ಹಾಲು ಮೊದಲ ಸಾಲು ಮುಗಿಸಿ ಎರಡನೆಯ ಸಾಲಿಗೆ ಬಂದಿತ್ತು. ಸಾಲಿನಲ್ಲಿದ್ದವರೆಲ್ಲ ಈಗ ನಮ್ಮ ಸುತ್ತ ನಿಂತಿದ್ದರು. ಬಲವಂತವಾಗಿ ದವಡೆ ಬಿಡಿಸೋಣ ಎಂದು ನನ್ನ ಕೈ ಮುಂದೆ ಹೋದದ್ದು ನಿಜ. ಮುನಿಯಮ್ಮ ಸೌಟಿನಿಂದ ನನ್ನ ಮಣಿಕಟ್ಟಿಗೆ ಬಡಿದರು.

“ಮಗಾ ಅದು. ನಿನ್ ಮರದ ಪೆಟ್ಟಿಗೆ ಅಲ್ಲ.”

ಭೀಮಪ್ಪನ ತಾಳ್ಮೆ ತೀರಿತು. “ಸಾಕು ಬಿಡ್ರಿ ನಿಮ್ಮ ದನದ ಸಂತಿ,” ಎಂದವನೇ ಗಂಗೂವನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಗಂಟು ಹಿಡಿದು ರಸ್ತೆಯ ಕಡೆ ನಡೆದ. ಕೆಳಗಿದ್ದ ಚರಿಗೆ ಅವನ ಕಾಲು ತಾಗಿ ಉರುಳಿತು. ಅದೇ ಹೊತ್ತಿಗೆ ಗೇಟಿನ ಕಡೆಯಿಂದ ಗಾಡಿಯ ಸಿಳ್ಳೆ ಕೇಳಿತು. ಗಂಗೂ ಅವನ ಬೆನ್ನಿನ ಮೇಲಿಂದ ನಮ್ಮನ್ನು ನೋಡಿದಳು, ತಲೆ ತಿರುಗಿಸಿ ಸಿಳ್ಳೆ ಬಂದ ಕಡೆ ನೋಡಿದಳು, ಎರಡೂ ಮುಷ್ಟಿಗಳಿಂದ ಅವನ ಬೆನ್ನನ್ನು ಗುದ್ದುತ್ತ ಕೂಗಿದಳು:

“ಒಲ್ಲೆ! ನಾ ಒಲ್ಲೆ!”

ತಿಂಗಳ ಮೇಲೆ ಹೊರಟ ಮೊದಲ ಮಾತು. ಬಾಯಿ ಅಗಲವಾಗಿ ತೆರೆದಿತ್ತು, ಮುಚ್ಚುವಂತಿರಲಿಲ್ಲ. ಮುನಿಯಮ್ಮ ಓಡಿದರು. ಭೀಮಪ್ಪನ ಬೆನ್ನ ಹಿಂದೆ ನಿಂತು, ಮಗುವಿನ ಗದ್ದವನ್ನು ಅಂಗೈಯಲ್ಲಿ ಮೆಲ್ಲನೆ ಬಿಸಿಲಿನ ಕಡೆ ತಿರುಗಿಸಿದರು.

“ನಿಂತ್ಕಳಯ್ಯ, ಅಲ್ಲಾಡ್ಬ್ಯಾಡ! ಕೆಳಗೆ ಅತ್ತು… ಮ್ಯಾಲೆ ಅತ್ತು… ಇಂದೆ ಬರೀ ವಸಡು. ಟೀಚರವ್ವಾ, ಬನ್ನಿ ಬ್ಯಾಗ!”

ಜಯಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಹೊಸ್ತಿಲಿಳಿದು ಬಂದರು, ಇಣುಕಿದರು, ಮತ್ತೊಮ್ಮೆ ಇಣುಕಿದರು. “ಸರಿ. ನೋಡಿದೆ. ಇನ್ನು ಅಳಿಸಬೇಡಿ,” ಎಂದು ಒಳಗೆ ಹೋದರು.

ಹೆಸರು ಬರೆದರು. ತಂದೆಯ ಹೆಸರು ಬರೆದರು. “ಊರು?” ಎಂದರು.

“ಹೊಳೆಸಂಗಾಪುರ, ಬರಕೋರಿ,” ಎಂದ ಭೀಮಪ್ಪ, ಇನ್ನೂ ಏದುಸಿರು ಬಿಡುತ್ತ.

“ಯಶವಂತಪುರ ಬರೀರಿ,” ಎಂದಳು ನೀಲವ್ವ. ಈ ಊರಿನ ನೀರು, ಗಾಳಿ, ಅನ್ನ, ಯಾವುದರ ಬಗ್ಗೆಯೂ ಅದುವರೆಗೆ ಒಂದು ಒಳ್ಳೆಯ ಮಾತಾಡದ ಹೆಂಗಸು.

ಟೀಚರ್ ನನ್ನ ಕಡೆ ನೋಡಿದರು. ನಾನು ಗಂಗೂವಿನ ಚರಿಗೆಯ ಮಣ್ಣು ಒರೆಸುತ್ತಿದ್ದೆ. ಅವರು ಏನೋ ಬರೆದು ರಿಜಿಸ್ಟರು ಮುಚ್ಚಿದರು. ಏನು ಬರೆದರೆಂದು ನಾನು ಇಣುಕಲಿಲ್ಲ. ಗಂಗೂ ಬಿಕ್ಕುತ್ತಲೇ ಚರಿಗೆಯಲ್ಲಿ ಹಾಲು ಹಿಡಿದು ಕುಳಿತಳು.

ಸಂಜೆಯ ಗಾಡಿಗೆ ಭೀಮಪ್ಪ ಒಬ್ಬನೇ ಹೋದ. ಹೋಗುವಾಗ ಅಕ್ಕನ ಕಾಲು ಮುಟ್ಟಿ ಅತ್ತ. ಆ ಗಡಿಬಿಡಿಯಲ್ಲಿ ಬಟ್ಟೆಯ ಗಂಟೂ ಅವನ ಜೊತೆಗೇ ಹೋಯಿತು.

ಇಷ್ಟು ನನಗೆ ನೆನಪಿರುವ ಕಥೆ. ಇದಕ್ಕೆ ನಾನು ಒಂದು ಕೊನೆಯನ್ನೂ ಜೋಡಿಸಿಕೊಂಡಿದ್ದೆ: ಮಗು ‘ಊರಿಗೆ ಹೋಗಲು ಒಲ್ಲೆ’ ಎಂದಳು, ಮರುದಿನದಿಂದ ನನ್ನ ಕೈ ಹಿಡಿದು ಕುಣಿಯುತ್ತ ಶಿಶುವಿಹಾರಕ್ಕೆ ಹೋದಳು. ಮಗಳ ಮದುವೆಯಲ್ಲಿ ಹೇಳಿದ್ದೇನೆ, ಮೊಮ್ಮಕ್ಕಳಿಗೆ ಹೇಳಿದ್ದೇನೆ. ಪುಸ್ತಿಕೆಯ ತಪ್ಪು ತೋರಿಸಲು ಹೊರಟವನು ನನ್ನದನ್ನೂ ಅಳೆಯಬೇಕಲ್ಲವೆ? ಹೋದ ತಿಂಗಳು ಶಿಶುವಿಹಾರಕ್ಕೆ ಹೋಗಿ ಮೊದಲ ವರ್ಷದ ರಿಜಿಸ್ಟರು ತೋರಿಸಿರಿ ಎಂದು ಕೇಳಿದೆ. ಈಗ ಅದಕ್ಕೆ ಸ್ವಂತ ಕಟ್ಟಡವಿದೆ. ಹಳೆಯ ಕಾಗದಗಳು ಒಂದು ತಗಡಿನ ಟ್ರಂಕಿನಲ್ಲಿವೆ.

ಹಾಜರಿಯ ಪುಟದಲ್ಲಿ ಗಂಗವ್ವನ ಹೆಸರಿನ ಮುಂದೆ ಮೊದಲ ದಿನ ಹಾಜರಿ ಇದೆ. ಅದರ ಮುಂದೆ ಒಂಬತ್ತು ದಿನ ಗೈರು.

ಬಟ್ಟೆಯ ಗಂಟು ಹೋಗಿತ್ತಲ್ಲ, ತೊಟ್ಟದ್ದೊಂದೇ ಅಂಗಿ. ಗಂಟು ಅಂಚೆಯಲ್ಲಿ ಹಿಂದಿರುಗಲು ಅಷ್ಟು ದಿನ ಹಿಡಿದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಪುರಾವೆಯಲ್ಲ. ಚಿಕ್ಕಬಾಣಾವರಕ್ಕೆ ಹೋದೆ. ಮುನಿಯಮ್ಮ ಇದ್ದಾರೆ. ಕಣ್ಣು ಮಸುಕು, ಕಿವಿ ಚುರುಕು. ಹಲ್ಲೊಂದೂ ಉಳಿದಿಲ್ಲ, ಅದನ್ನು ಅವರೇ ಮೊದಲು ತೋರಿಸಿ ನಕ್ಕರು: “ಈಗ ನನ್ ವಯಸ್ಸು ಯಾರೂ ಏಳಕಾಗಕಿಲ್ಲ.”

ಒಂಬತ್ತು ದಿನದ ಮಾತು ತೆಗೆದೆ. ಬಟ್ಟೆಯ ಗಂಟಿನ ಕಾರಣವನ್ನೂ ಹೇಳಿದೆ.

“ಬಟ್ಟೆ ಅಲ್ಲ ಬುಡಣ್ಣ. ನೀವು ಕೆಲಸಕ್ಕೋಯ್ತಿದ್ರಿ, ಅವ್ವ ರಜಾ ಆಕಂಡಿದ್ಲು. ಮಗ ವಠಾರದ ಬಾಗ್ಲಲ್ಲಿ ಕೂತ್ಕಂಡು ಸಂಜೆ ರೈಲು ಬರೋ ಗಂಟ ಕಾಯ್ತಿತ್ತು. ಇಸ್ಕೂಲಿಗೆ ಬಾ ಅಂದ್ರೆ ಒಲ್ಲೆ ಅಂತಿತ್ತು. ಕೊನೆಗೆ ನಾನೇ ಬಂದು ಸೊಂಟದ ಮ್ಯಾಲೆ ಎತ್ಕಂಡೋದೆ. ದಾರಿ ಉದ್ದಕ್ಕೂ ನಮ್ಮ ದನಗಳ ಎಸ್ರು ಏಳ್ತಾ ಓದೆ. ಆಮ್ಯಾಲೆ ಅದೂ ನಿಮ್ಮೂರಿನ ಎಮ್ಮೆಗಳ ಎಸ್ರು ಏಳ್ತು.”

ನೀಲವ್ವ ಈಗ ಇಲ್ಲ; ಇದ್ದಿದ್ದರೆ ಅವಳನ್ನೂ ಕೇಳುತ್ತಿದ್ದೆ. ಅವಳು ಇದನ್ನು ನನಗೆ ಏಕೆ ಹೇಳಲಿಲ್ಲವೋ ತಿಳಿಯದು. ನಾನು ಕೇಳಿರಲಿಲ್ಲ ಎಂಬುದಂತೂ ನಿಜ. ಗಂಗೂ ಹೆಬ್ಬಾಳದಲ್ಲಿದ್ದಾಳೆ, ಅವಳ ಮಾತು ಅಪ್ಪಟ ಬೆಂಗಳೂರಿನದು. ಅಂದು ಎಲ್ಲಿಗೆ ಒಲ್ಲೆ ಎಂದೆ, ಊರಿಗೋ ಶಾಲೆಗೋ ಎಂದು ಕೇಳಿದರೆ, “ನಂಗೇನೂ ನೆನಪಿಲ್ಲಪ್ಪ, ಬಿಡಿ” ಎನ್ನುತ್ತಾಳೆ. ಸಿಟ್ಟು ಬಂದಾಗ ಮಾತ್ರ ಮಕ್ಕಳ ಮುಂದೆಯೂ ಗಂಡನ ಮುಂದೆಯೂ ಅವಳ ಬಾಯಿಂದ ಇವತ್ತಿಗೂ ‘ಒಲ್ಲೆ’ ಎಂದೇ ಬರುತ್ತದೆ.

ಆದ್ದರಿಂದ ನನ್ನ ಕಥೆಯ ಕೊನೆಯನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಪುಸ್ತಿಕೆಯನ್ನು ನಂಬಬೇಡಿ, ಭೀಮಪ್ಪನನ್ನು ನಂಬಬೇಡಿ, ನನ್ನನ್ನೂ ಪೂರ್ತಿ ನಂಬಬೇಕಾಗಿಲ್ಲ. ಶಿಶುವಿಹಾರದ ಈಗಿನ ಟೀಚರ್ ಕೇಳಿದವರಿಗೆಲ್ಲ ಟ್ರಂಕು ತೆಗೆದು ತೋರಿಸುತ್ತಾರೆ. ರಿಜಿಸ್ಟರಿನ ಕಾಗದ ಹಳದಿಯಾಗಿದೆ, ಶಾಯಿ ಇನ್ನೂ ಕಪ್ಪಾಗಿಯೇ ಇದೆ. ಆ ದಿನದ ಕೊನೆಯ ಸಾಲು ನೋಡಿ. ಷರಾ ಎಂಬಲ್ಲಿ ಜಯಲಕ್ಷ್ಮಮ್ಮನವರ ಒತ್ತಾದ ಅಕ್ಷರಗಳಲ್ಲಿ, ‘ಕೈ ಕಿವಿಗೆ ಎಟುಕುತ್ತದೆ, ಹಲ್ಲು ನೋಡಿ ಸೇರಿಸಿದೆ’ ಎಂದಿದೆ. ಊರು ಎಂಬಲ್ಲಿ ಎರಡು ಹೆಸರುಗಳಿವೆ, ಒಂದರ ಕೆಳಗೆ ಒಂದು. ಯಾವುದನ್ನೂ ಹೊಡೆದುಹಾಕಿಲ್ಲ.